ಬೋಳುಗುಡ್ಡದಿಂದ ಕಂಡದ್ದು

ಆ ಸೀಮೆಯಲ್ಲಿ ಡಿಸೆಂಬರ್ ಎಂದರೆ ಬೇಸಿಗೆ. ತಿಂಗಳು ಮುಗಿಯುವಷ್ಟರಲ್ಲಿ ಗುಡ್ಡದ ಮೇಲಿನ ಪುಟ್ಟ ಊರಾದ ಎಲ್ ಬೋಲ್ಡಾಲ್‌ನ ನಾಲ್ಕೂ ಮನೆಗಳ ಬಾವಿ ಬತ್ತಿಹೋದವು. ಇನ್ನು ಏಪ್ರಿಲ್‌ನಲ್ಲಿ ಮೊದಲ ಮಳೆ ಬೀಳುವವರೆಗೆ ಟ್ಯಾಂಕರ್ ನೀರೇ ಗತಿ. ಪ್ರತಿ ಮಂಗಳವಾರ ಬರುವ ಆ ಟ್ಯಾಂಕರ್ ಓಡಿಸುತ್ತಿದ್ದವನು ಅಲ್ಲಿಯವನೇ ಆದ ಸೆಗುಂದೊ. ಗುಡ್ಡದ ಮೇಲಿನ ಮನೆಗಳಿಗೆಲ್ಲ ನೀರು ಹಾಕಿ ಕೊನೆಗೆ ತನ್ನ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದ. ಊರಿಗೆ ಎಷ್ಟೋ ತನಗೂ ಅಷ್ಟೇ. ಒಂದು ಬಕೆಟ್ ಹೆಚ್ಚಿಗೆ ಇಳಿಸಿಕೊಂಡವನಲ್ಲ.

ಅವನ ಹೆಂಡತಿ ನೊಲ್ಫಾ ಬೇಸಿಗೆಯ ನಾಲ್ಕು ತಿಂಗಳು ಬೋಳುಗುಡ್ಡದ ನೆತ್ತಿಯಲ್ಲಿರುವ ಕಾವಲು ಗೋಪುರದಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದರೆ ಹೊತ್ತು ಮುಳುಗುವವರೆಗೆ ದುರ್ಬೀನು ಹಿಡಿದು ಸುತ್ತಲಿನ ಪೈನ್ ಕಾಡನ್ನು ನೋಡುವುದು, ಎಲ್ಲಾದರೂ ಹೊಗೆ ಎದ್ದರೆ ವೈರ್‌ಲೆಸ್‌ನಲ್ಲಿ ದಿಕ್ಕು ಹೇಳುವುದು. ಇದು ಅವಳ ಹನ್ನೊಂದನೇ ಬೇಸಿಗೆ.

"ಮಗ ಊರಿಗೆಲ್ಲ ನೀರು ಹೊಯ್ತಾನೆ, ಸೊಸೆ ಊರಿಗೆಲ್ಲ ಬೆಂಕಿ ಕಾಯ್ತಾಳೆ," ಎಂದು ಸೆಗುಂದೊನ ತಾಯಿ ಕ್ಲೊರಿಂದ ಮನೆಗೆ ಬಂದವರೆದುರು ಆಡಿಕೊಳ್ಳುತ್ತಿದ್ದಳು. "ನನ್ನ ಟೊಮೇಟೊ ಗಿಡಕ್ಕೆ ಮಾತ್ರ ದಿಕ್ಕಿಲ್ಲ."

ಕ್ಲೊರಿಂದಳಿಗೆ ಎಪ್ಪತ್ತಾರು. ಮಣ್ಣಿನ ಗೋಡೆ, ತಗಡಿನ ಮಾಡಿನ ಆ ಮನೆ ಅವಳದು. ಮೂರು ಮಕ್ಕಳನ್ನು ಹೆತ್ತದ್ದು, ಅದರಲ್ಲಿ ಒಂದನ್ನು ಕಳೆದುಕೊಂಡದ್ದು, ಗಂಡನಿಗೆ ಕೊನೆಯ ನೀರು ಬಿಟ್ಟದ್ದು, ಎಲ್ಲ ಅದೇ ನಡುಮನೆಯಲ್ಲಿ. ಮನೆಯ ಹಿಂದೆ ಅಜ್ಜನ ಕಾಲದ ನಾಲ್ಕು ಸಾಲು ದ್ರಾಕ್ಷಿ, ಅದರ ಪಕ್ಕ ಅವಳ ತರಕಾರಿ ಮಡಿ, ಅದರಾಚೆ ಬೇಲಿ. ಬೇಲಿ ದಾಟಿದರೆ ನೊಲ್ಫಾಗೆ ಕೆಲಸ ಕೊಟ್ಟ ಮರದ ಕಂಪನಿಯ ಪೈನ್ ಕಾಡು. ಇತಾತಾ ನದಿಯ ದಂಡೆಯವರೆಗೂ ಬರೀ ಅದೇ ಪೈನು.

ಅಡುಗೆಮನೆಯ ಹಿಂಬದಿಯಲ್ಲಿ ಒಂದು ನೀಲಿ ಟ್ಯಾಂಕು ಇತ್ತು. ಆರು ವರ್ಷದ ಹಿಂದೆ ಬೆಂಕಿ ಹಳ್ಳದ ಆಚೆ ದಡದವರೆಗೂ ಬಂದು ತಾನಾಗಿಯೇ ತಿರುಗಿಕೊಂಡು ಹೋದ ವರ್ಷ ನೊಲ್ಫಾ ಅದನ್ನು ತರಿಸಿದ್ದಳು. ಮನೆಗೆ ಬರುವ ನೀರಿನಲ್ಲಿ ಪ್ರತಿ ವಾರ ಒಂದು ಪಾಲು ತೆಗೆದು ಅದನ್ನು ತುಂಬಿಸುತ್ತಿದ್ದಳು. ಅದು ಬೆಂಕಿಯ ನೀರು. ಪಾತ್ರೆಗಿಲ್ಲ, ಬಟ್ಟೆಗಿಲ್ಲ, ಗಿಡಕ್ಕಂತೂ ಮೊದಲೇ ಇಲ್ಲ.

ಜನವರಿಯ ಮೊದಲ ಭಾನುವಾರ ನೊಲ್ಫಾಗೆ ರಜೆಯಿತ್ತು; ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಹಸಿಕಾಳು, ಜೋಳ, ಕುಂಬಳಕಾಯಿ ಹಾಕಿದ ಗಟ್ಟಿ ಸಾರು. ನೊಲ್ಫಾ ಕೈ ತೊಳೆದು ಬಂದವಳು ಕೂರದೆ ನಿಂತೇ ಹೇಳಿದಳು.

"ಅತ್ತೆ, ಟ್ಯಾಂಕಿನ ನೀರು ಇಳಿದಿದೆ."

"ಬಿಸಿಲು ನೋಡಿದೀಯಲ್ಲ. ಆರಿರುತ್ತೆ."

"ಮುಚ್ಚಳ ಬಿಗಿದ ಟ್ಯಾಂಕು ಆರುತ್ತಾ?"

"ಹಂಗಾದ್ರೆ ಕೋಳಿ ಕುಡಿದಿರ್ಬೇಕು. ಹೋಗಿ ಕೇಳು, ಒಂದೊಂದಾಗಿ ನಿಲ್ಲಿಸಿ ವಿಚಾರಣೆ ಮಾಡು."

ಹದಿನೇಳರ ಮಗಳು ಯಾಸ್ನಾ ಕಿಸಕ್ಕನೆ ನಕ್ಕಳು. ಸೆಗುಂದೊ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀನಾದ್ರೂ ಹೇಳು ಸೆಗುಂದೊ," ಎಂದಳು ನೊಲ್ಫಾ.

"ನಾನೇನು ಹೇಳ್ಲಿ? ವಾರಪೂರ್ತಿ ನೀರಿನ ಜಗಳಾನೇ ಕೇಳಿ ಬಂದಿದೀನಿ. ಮನೇಲಾದ್ರೂ ಸಾರು ಕುಡಿಯೋಕೆ ಬಿಡಿ."

ಕ್ಲೊರಿಂದ ಬ್ರೆಡ್ಡು ಮುರಿದು ಸಾರಿನಲ್ಲಿ ಅದ್ದಿದಳು. "ಕಣ್ಣೆದುರು ಸಾಯ್ತಿರೋ ಗಿಡಕ್ಕೆ ನೀರಿಲ್ಲ, ಬರದೇ ಇರೋ ಬೆಂಕಿಗೆ ಟ್ಯಾಂಕುಗಟ್ಲೆ ನೀರು. ಇದ್ಯಾವ ನ್ಯಾಯ ಕಣೇ?"

"ಬರಲ್ಲ ಅಂತ ನಿಮಗೆ ಯಾರು ಹೇಳಿದ್ರು?"

"ಬರುತ್ತೆ ಅಂತ ಆರು ವರ್ಷದಿಂದ ನೀನು ಹೇಳ್ತಿದೀಯ. ಈ ಟೊಮೇಟೊ ಮಾತ್ರ ವರ್ಷಾ ವರ್ಷಾ ಬರ್ತಿದೆ. ಈಗ ನಿನ್ನ ತಟ್ಟೇಲಿ ಹಾಕಿದೀನಲ್ಲ, ಇದು ಎಲ್ಲಿಂದ ಬಂತು ಅನ್ಕೊಂಡೆ?"

ನೊಲ್ಫಾ ಕೂತು ತನ್ನ ತಟ್ಟೆ ನೋಡಿದಳು. ಹೆಚ್ಚಿದ ಟೊಮೇಟೊ, ಈರುಳ್ಳಿ, ಮೇಲೆ ಹಸಿಮೆಣಸು. ಅದನ್ನು ಹಾಗೇ ಪಕ್ಕಕ್ಕೆ ಸರಿಸಿ ಸಾರು ಮಾತ್ರ ಉಂಡಳು. ಅವತ್ತಿನಿಂದ ಅತ್ತೆಯ ಮಡಿಯ ಟೊಮೇಟೊ ಅವಳ ಬಾಯಿಗೆ ಹೋಗಲಿಲ್ಲ. ಅತ್ತೆ ದಿನಾ ತಪ್ಪದೆ ಹೆಚ್ಚಿ ಅವಳ ಮುಂದೆ ಇಡುವುದನ್ನೂ ಬಿಡಲಿಲ್ಲ.

ಜನವರಿ ಹೀಗೇ ಸಾಗಿತು. ನೊಲ್ಫಾ ಕೆಲಸಕ್ಕೆ ಹೊರಡುವ ಮುಂಚೆ ಮಗಳಿಗೆ ದಿನದ ಕೆಲಸ ಹೇಳಿ ಹೋಗುವಳು. ಮಾಡಿನ ಮೇಲೆ ಬಿದ್ದ ಪೈನ್ ತರಗು ಗುಡಿಸಬೇಕು, ಮಾಡಿನಂಚಿನ ನೀರು ಹರಿಯುವ ತಗಡಿನಲ್ಲಿ ಸಿಕ್ಕಿಕೊಂಡದ್ದನ್ನು ಕೈಹಾಕಿ ತೆಗೆಯಬೇಕು, ಗೋಡೆಗೆ ಒರಗಿಸಿದ ಸೌದೆಯನ್ನು ದೂರ ಒಯ್ದು ಒಟ್ಟಬೇಕು. ಬಾಗಿಲ ಹಿಂದೆ ನಾಲ್ಕು ಚೀಲ ಸದಾ ಸಿದ್ಧವಾಗಿರಬೇಕು. ಒಬ್ಬೊಬ್ಬರಿಗೆ ಒಂದೊಂದು ಜೊತೆ ಬಟ್ಟೆ, ಔಷಧಿ, ಗುರುತಿನ ಚೀಟಿ.

"ನನ್ನ ಗೆಳತೀರೆಲ್ಲ ಸಮುದ್ರಕ್ಕೆ ಹೋಗಿದಾರೆ," ಎಂದು ಯಾಸ್ನಾ ಮಾಡಿನ ಮೇಲಿಂದ ಕೂಗುವಳು. "ನಾನಿಲ್ಲಿ ತಗಡಿಗೆ ಮುತ್ತು ಕೊಡ್ತಾ ಕೂತಿದೀನಿ."

"ನಿಮ್ಮಮ್ಮಂಗೆ ಗೋಪುರದಿಂದ ಎಲ್ಲಾ ಕಾಣುತ್ತೆ, ಸರಿಯಾಗಿ ಗುಡಿಸು," ಎಂದು ಅಜ್ಜಿ ಕೆಳಗಿನಿಂದ ಉತ್ತರ ಕೊಡುವಳು.

ಒಂದು ಭಾನುವಾರ ಚರ್ಚಿಗೆ ಹೋಗಲು ಕ್ಲೊರಿಂದ ತನ್ನ ಚೀಲ ಬಿಚ್ಚಿ ಒಳ್ಳೆಯ ಶಾಲು ತೆಗೆದಳು. ಬಂದಮೇಲೆ ವಾಪಸ್ ಇಡಲಿಲ್ಲ. ಅದಕ್ಕೂ ಒಂದು ಜಗಳವಾಯಿತು. "ನನ್ನ ಬಟ್ಟೆಗೆ ಮನೆಯೊಳಗೇ ವನವಾಸ ಯಾಕೆ?" ಎಂದು ಮುದುಕಿ ಕೇಳಿದಳು. ಇನ್ನೊಂದು ದಿನ ನೊಲ್ಫಾ ಬೆಟ್ಟದಾಚೆ ಎದ್ದ ಬೂದು ಬಣ್ಣದ ಮೋಡವೊಂದನ್ನು ನೋಡಿ ಹೊಗೆಯೆಂದು ತಿಳಿಸಿದಳು. ಹೆಲಿಕಾಪ್ಟರ್ ಬಂದು ಸುತ್ತು ಹಾಕಿ ನೋಡಿದರೆ, ಯಾರೋ ಗೋಧಿ ಒಕ್ಕುತ್ತಿದ್ದ ಯಂತ್ರದ ಧೂಳು. ಸಾಂತ ಎಲ್ವಿರ ಹಳ್ಳಿಯ ಅಂಗಡಿಯಲ್ಲಿ ವಾರವಿಡೀ ಅದೇ ನಗೆಚಾಟಿಕೆ.

"ಸೆಗುಂದೊ, ನಿನ್ನ ಹೆಂಡತಿ ಧೂಳಿಗೂ ಹೆಲಿಕಾಪ್ಟರ್ ಕರೆಸ್ತಾಳಂತೆ. ಮನೇಲಿ ನೀನು ಸಿಗರೇಟು ಹಚ್ಚೋದು ಹೆಂಗಪ್ಪಾ?"

ಸೆಗುಂದೊ ಅದನ್ನು ಮನೆಗೆ ಬಂದು ಹೇಳಿದ. ನೊಲ್ಫಾ ನಗಲಿಲ್ಲ. "ಧೂಳೋ ಹೊಗೆಯೋ ಅಂತ ಯೋಚಿಸ್ತಾ ಕೂತರೆ ಅಷ್ಟರಲ್ಲಿ ಅದು ಹೊಗೆಯೇ ಆಗಿರುತ್ತೆ," ಎಂದಳು.

ಕೆಳಗಿನ ಮನೆಯಲ್ಲಿ, ಎಲ್ಲರೂ ಗೌರವದಿಂದ ದೋನ್ ಎನ್ನುವ ಮುದುಕ ಅಬೆಲಿನೊ ಇದ್ದ. ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋಗಿತ್ತು, ಇನ್ನೊಂದರಲ್ಲಿ ಬಲವಿರಲಿಲ್ಲ. ಅಣ್ಣನ ಮಗಳೊಬ್ಬಳು ಬೆಳಿಗ್ಗೆ ಬಂದು ಅವನನ್ನು ಶುಚಿ ಮಾಡಿ ಹೋಗುವಳು. ಮಧ್ಯಾಹ್ನದ ಊಟ ಕ್ಲೊರಿಂದಳದು. ಒಂದು ಬೋಗುಣಿಯಲ್ಲಿ ಸಾರು, ಮೇಲೆ ಮುಚ್ಚಿದ ಬ್ರೆಡ್ಡು. ಅವಳು ಅದನ್ನು ಶಾಲಿನಡಿ ಕೂಸಿನಂತೆ ಹಿಡಿದು ಇಳಿದು ಹೋಗುವುದನ್ನು ನೊಲ್ಫಾ ಎಷ್ಟೋ ಸಲ ಗೋಪುರದಿಂದ ದುರ್ಬೀನಿನಲ್ಲಿ ನೋಡಿದ್ದಳು. ಆ ದುರ್ಬೀನಿಗೆ ಅವಳ ಮನೆಯ ತಗಡು, ಕೋಳಿಗೂಡು, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತಿತ್ತು.

ಫೆಬ್ರವರಿಯ ಎರಡನೇ ಗುರುವಾರ ಬೆಳಗಿನಿಂದಲೇ ಪೂರ್ವದ ಗಾಳಿ ಎದ್ದಿತು. ಪರ್ವತದ ಕಡೆಯಿಂದ ಇಳಿದು ಬರುವ ಒಣ, ಬಿಸಿ ಗಾಳಿ. ಪುಯೆಲ್ಚೆ ಎಂದು ಅದರ ಹೆಸರು. ಅದು ಬೀಸಿದ ದಿನ ಹಳ್ಳಿಯಲ್ಲಿ ಯಾರೂ ಒಲೆ ಹೊರಗೆ ಹಚ್ಚುವುದಿಲ್ಲ, ನಾಯಿಗಳೂ ಮಂಚದ ಕೆಳಗೆ ಸೇರುತ್ತವೆ. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ನೊಲ್ಫಾಗೆ ದೊಡ್ಡ ರಸ್ತೆಯ ಪಕ್ಕ ಹೊಗೆ ಕಂಡಿತು. ಬಿಳಿಯಲ್ಲ, ಹಳದಿ ಮಿಶ್ರಿತ ಕಂದು. ದಿಕ್ಕುಗಳನ್ನು ಗುರುತು ಮಾಡಿದ ಮೇಜಿನ ಮೇಲಿನ ಕಡ್ಡಿಯನ್ನು ಹೊಗೆಯತ್ತ ತಿರುಗಿಸಿ, ವೈರ್‌ಲೆಸ್ ಎತ್ತಿ ದಿಕ್ಕು ಹೇಳಿದಳು. ಬೆಂಕಿ ಪಡೆಯ ಕೇಂದ್ರದಲ್ಲಿದ್ದವನು ಇತುರ್ರ. ಹನ್ನೊಂದು ವರ್ಷದಿಂದ ಅವನ ದನಿ ಕೇಳಿದ್ದಳೇ ಹೊರತು ಮುಖ ಒಮ್ಮೆ ನೋಡಿದ್ದಷ್ಟೇ.

ಬೆಂಕಿ ಹೇಗೆ ಹತ್ತಿತೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಹತ್ತಿದ್ದು ಮಾತ್ರ ನಿಲ್ಲಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಎರಡು ಗುಡ್ಡ ದಾಟಿತು. ನೊಲ್ಫಾ ಮನೆಗೆ ಫೋನ್ ಮಾಡಿದಳು. ಯಾಸ್ನಾ ಎತ್ತಿದಳು.

"ಚೀಲ ತಗೋ. ಅಜ್ಜಿನ ಕರ್ಕೊಂಡು ನದಿ ಕಡೆ ಇಳಿ. ರಸ್ತೆಗೆ ಹೋಗ್ಬೇಡ, ಅಲ್ಲಿಗೆ ಬೆಂಕಿ ಬಂದಾಗಿದೆ. ಮರಳಿಗೆ ಹೋಗು, ಮರಳಿನ ಮಧ್ಯಕ್ಕೆ."

"ಅಜ್ಜಿ ಬರಲ್ಲ ಅಂತಿದಾಳೆ ಅಮ್ಮ. ಮಾಡಿನ ಮೇಲೆ ನೀರು ಹೊಯ್ತಿದಾಳೆ."

"ಫೋನ್ ಕೊಡು ಅವಳಿಗೆ."

ಕ್ಲೊರಿಂದಳ ಏದುಸಿರು ಕೇಳಿಸಿತು. "ನೀನು ಅಲ್ಲಿ ನೋಡ್ತಿರು, ನಾನಿಲ್ಲಿ ಮಾಡ್ತಿರ್ತೀನಿ. ಯಾವಾಗ ಹೊರಡ್ಬೇಕು ಅಂತ ನಂಗೆ ಗೊತ್ತಾಗಲ್ವಾ?"

"ಗೊತ್ತಾಗೋ ಹೊತ್ತಿಗೆ ಕಾಲ ಮೀರಿರುತ್ತೆ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ, ಮಗು ಇದೆ ಜೊತೆಗೆ."

ಆಮೇಲೆ ಬರೀ ಗೊರಗೊರ. ಫೋನ್ ಕಡಿದುಹೋಯಿತು. ಕಂಬ ಸುಟ್ಟಿತ್ತು.

ಎರಡೂವರೆಗೆ ಬೆಂಕಿ ಹಳ್ಳದ ಬಾಯಿಗೆ ಬಂದು ಎರಡಾಗಿ ಒಡೆಯಿತು. ಒಂದು ಕವಲು ಗುಡ್ಡದ ಬೆನ್ನ ಮೇಲಿಂದ ಎಲ್ ಬೋಲ್ಡಾಲ್‌ನತ್ತ ಹೊರಟಿತು, ಇನ್ನೊಂದು ಇಳಿಜಾರು ಹಿಡಿದು ಸಾಂತ ಎಲ್ವಿರದತ್ತ. ಆ ಹೊತ್ತಿಗೆ ಇಡೀ ಜಿಲ್ಲೆಯಲ್ಲಿ ಏಳು ಕಡೆ ಬೆಂಕಿ ಎದ್ದಿತ್ತು.

"ಬೋಳುಗುಡ್ಡ, ಕೇಳಿಸ್ತಿದೆಯಾ?" ಇತುರ್ರನ ದನಿ. "ನನ್ನ ಹತ್ರ ಇರೋದು ಒಂದೇ ಹೆಲಿಕಾಪ್ಟರ್. ಹೊಗೆಯಲ್ಲಿ ಅದನ್ನ ಓಡಿಸೋನಿಗೆ ಏನೂ ಕಾಣ್ತಿಲ್ಲ. ಎರಡರಲ್ಲಿ ಯಾವುದು ಮುಂದಿದೆ?"

ನೊಲ್ಫಾ ದುರ್ಬೀನು ಕಣ್ಣಿಗೆ ಒತ್ತಿಕೊಂಡಳು. ಎಡಕ್ಕೆ ತಿರುಗಿಸಿದರೆ ತನ್ನ ಮನೆಯ ತಗಡು, ಅದರ ಮೇಲೆ ಒದ್ದೆಯ ಹೊಳಪು, ಅದರ ಹಿಂದೆ ಬೇಲಿಯಾಚೆ ದೂರದ ಪೈನ್ ಮರಗಳ ತುದಿಯಲ್ಲಿ ಕೆಂಪು. ಬಲಕ್ಕೆ ತಿರುಗಿಸಿದರೆ ಸಾಂತ ಎಲ್ವಿರದ ಚರ್ಚು, ಶಾಲೆ, ಒಂದಕ್ಕೊಂದು ಅಂಟಿಕೊಂಡ ಅರವತ್ತು ಮನೆ. ಶಾಲೆಯ ಅಂಗಳದಲ್ಲಿ ಜನ ಗುಂಪುಗೂಡಿದ್ದು ಇರುವೆಗಳಂತೆ ಕಂಡಿತು. ಅವರಿಗೂ ಬೆಂಕಿಗೂ ನಡುವೆ ಇದ್ದದ್ದು ಒಂದು ಒಣ ಗೋಧಿ ಹೊಲ.

"ಬೋಳುಗುಡ್ಡ?"

"ಬಲಗಡೆಯದು," ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಸಾಂತ ಎಲ್ವಿರ. ಹೊಲಕ್ಕೆ ಹತ್ತಿಕೊಂಡರೆ ಹತ್ತು ನಿಮಿಷ. ಎಡಗಡೆಯದಕ್ಕೆ ಇನ್ನೂ ಅರ್ಧ ಗಂಟೆ ಇದೆ."

"ಎಡಗಡೆ ಏನಿದೆ?"

"ನಾಲ್ಕು ಮನೆ."

"ಜನ?"

"ಇದಾರೆ. ನದಿಗೆ ಇಳಿಯೋಕೆ ಹೇಳಿದೆ."

ಹೆಲಿಕಾಪ್ಟರ್ ಬಲಕ್ಕೆ ಹೋಯಿತು. ನಾಲ್ಕನೇ ಸಲ ನೀರು ಸುರಿಯುವಷ್ಟರಲ್ಲಿ ಹೊಲದ ಅಂಚಿನಲ್ಲಿ ಬೆಂಕಿ ಮಲಗಿತು. ಎಡಕ್ಕೆ ತಿರುಗುವ ಹೊತ್ತಿಗೆ ಅಲ್ಲಿ ತಗಡು ಕಾಣುತ್ತಿರಲಿಲ್ಲ. ಕಪ್ಪು ಹೊಗೆ ಮಾತ್ರ. ಮನೆ ಉರಿಯುವಾಗ ಬರುವ ಹೊಗೆ ಕಾಡಿನ ಹೊಗೆಗಿಂತ ಕಪ್ಪು. ಹನ್ನೊಂದು ವರ್ಷದಲ್ಲಿ ಅದು ಅವಳಿಗೆ ಗೊತ್ತಾಗಿತ್ತು. ಮೇಜಿನ ಅಂಚನ್ನು ಹಿಡಿದುಕೊಂಡೇ ಸಂಜೆ ಏಳರವರೆಗೂ ದಿಕ್ಕು ಹೇಳುತ್ತಾ ಹೋದಳು. ಇತುರ್ರ ಕೇಳಿದ, ಅವಳು ಹೇಳಿದಳು. ನಡುವೆ ಯಾವಾಗಲೋ ಅವನು, "ನಿಮ್ಮ ಮನೆ ಯಾವ ಕಡೆ ನೊಲ್ಫಾ?" ಎಂದು ಕೇಳಿದ. ಅವಳು ಗಾಳಿಯ ದಿಕ್ಕು ಬದಲಾಗಿರುವುದನ್ನು ತಿಳಿಸಿದಳು.

ಕಂಪನಿಯ ಜೀಪು ಅವಳನ್ನು ಸಾಂತ ಎಲ್ವಿರದ ಶಾಲೆಗೆ ತಂದು ಬಿಟ್ಟಾಗ ಮನೆಯ ಮೂವರೂ ಅಲ್ಲಿದ್ದರು. ಕ್ಲೊರಿಂದ ಬೆಂಚಿನ ಮೇಲೆ ಕೂತಿದ್ದಳು. ಹುಬ್ಬು ಸುಟ್ಟಿತ್ತು. ಯಾಸ್ನಾಳ ಎಡಗೈಗೆ ಮೊಣಕೈವರೆಗೂ ಪಟ್ಟಿ. ನೊಲ್ಫಾ ಮಗಳ ತಲೆಯನ್ನು ಎದೆಗೊತ್ತಿಕೊಂಡು ನಿಂತಳು.

ನಡೆದದ್ದನ್ನು ಯಾಸ್ನಾ ಹೇಳಿದಳು. ಟ್ಯಾಂಕಿನ ನೀರು ಮುಗಿಯುವವರೆಗೂ ಅಜ್ಜಿ ಮಾಡಿಗೆ ಹೊಯ್ದಳು. ಕೊನೆಯ ಎರಡು ಬಕೆಟ್ ಉಳಿದಾಗ ಥಟ್ಟನೆ ನಿಂತು, ಎರಡು ಕಂಬಳಿ ತೋಯಿಸಿ, ಕೋಳಿಗೊಬ್ಬರ ಹೊರುವ ಒಂಟಿಗಾಲಿ ಗಾಡಿ ಎಳೆದುಕೊಂಡು ಅಬೆಲಿನೊನ ಮನೆಗೆ ಓಡಿದಳು. ಮುದುಕನನ್ನು ಗಾಡಿಯಲ್ಲಿ ಹಾಕಿ, ಮೇಲೆ ಕಂಬಳಿ ಹೊದಿಸಿ ಇಬ್ಬರೂ ಸೇರಿ ನದಿಯವರೆಗೆ ತಳ್ಳಿದರು. ಮುದುಕ ದಾರಿಯುದ್ದಕ್ಕೂ, "ಗೊಬ್ಬರದ ವಾಸನೆ ಕ್ಲೊರಿಂದ, ಮೈಮೇಲೆ ಒಳ್ಳೇ ಅಂಗಿ ಇದೆ," ಎಂದು ಗೊಣಗಿದನಂತೆ. ಸಂಜೆ ಬೆಂಕಿ ಪಡೆಯವರು ಅವರನ್ನೆಲ್ಲ ಮರಳಿನಿಂದ ಶಾಲೆಗೆ ಕರೆತಂದಿದ್ದರು.

ಸೆಗುಂದೊ ಮಗಳ ಪಟ್ಟಿಯ ಸಡಿಲ ತುದಿಯನ್ನು ಸಿಕ್ಕಿಸುತ್ತಾ ಕೇಳಿಸಿಕೊಂಡ. ಅವನೂ ಅವತ್ತು ಇಡೀ ದಿನ ಅದೇ ಹಳ್ಳಿಯಲ್ಲಿದ್ದ. ಟ್ಯಾಂಕರನ್ನು ಬೆಂಕಿ ಪಡೆಯವರು ವಶಕ್ಕೆ ತೆಗೆದುಕೊಂಡು ಶಾಲೆಯ ಗೋಡೆಗೆ ನೀರು ಹೊಡೆಯಲು ನಿಲ್ಲಿಸಿದ್ದರು.

"ಟ್ಯಾಂಕು ಪೂರ್ತಿ ಇದ್ದಿದ್ರೆ ಮಾಡು ಉಳೀತಿತ್ತೇನೋ," ಎಂದ ಕೊನೆಗೆ.

"ಪೂರ್ತಿ ಇರಲಿಲ್ಲ," ಎಂದಳು ಕ್ಲೊರಿಂದ. ದನಿಯಲ್ಲಿ ಏರಿಳಿತವಿರಲಿಲ್ಲ. "ಅರ್ಧ ಇತ್ತು. ಇನ್ನರ್ಧ ನಾನೇ ಟೊಮೇಟೊಗೆ ಹಾಕಿದ್ದೆ. ಕೋಳಿ ಅಲ್ಲ."

ಬಡಿಸುವವರು ಹುರಿಹಿಟ್ಟು ಕಲಸಿದ ನೀರು ತಂದುಕೊಟ್ಟರು, ನಾಲ್ವರೂ ಕುಡಿದರು.

ಮೂರನೇ ದಿನ ಊಟದ ಸಾಲಿನಲ್ಲಿ ಬೆಂಕಿ ಪಡೆಯ ಹುಡುಗಿಯೊಬ್ಬಳು ಸೆಗುಂದೊನ ಕೈ ಹಿಡಿದು ಕುಲುಕಿದಳು. "ನೀವು ಬೋಳುಗುಡ್ಡದವರ ಗಂಡ ಅಲ್ವಾ? ಅವರು ಅವತ್ತು ಈ ಕಡೆ ಅಂತ ಹೇಳದೇ ಇದ್ದಿದ್ರೆ ಈ ಶಾಲೆ ಇರ್ತಿರಲಿಲ್ಲ. ಹೆಲಿಕಾಪ್ಟರ್ ಯಾವ ಕಡೆ ಅಂತ ಅವರನ್ನೇ ಕೇಳಿದ್ದು. ನಾನು ವೈರ್‌ಲೆಸ್‌ನಲ್ಲಿ ಕೇಳಿಸ್ಕೊಂಡೆ."

ಸೆಗುಂದೊ ತಟ್ಟೆಯನ್ನು ಅಲ್ಲೇ ಇಟ್ಟು ಬಂದ. ನೊಲ್ಫಾ ಶಾಲೆಯ ಹಿಂದಿನ ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ನಿನ್ನ ಕೇಳಿದ್ರಾ?"

ಅವಳಿಗೆ ಅರ್ಥವಾಯಿತು. "ಕೇಳಿದ್ರು."

"ನೀನು ಈ ಕಡೆ ಅಂದೆ."

"ಈ ಕಡೆ ಮುಂದಿತ್ತು."

"ಅಮ್ಮ ಅಲ್ಲಿದ್ಲು. ಯಾಸ್ನಾ ಅಲ್ಲಿದ್ಲು! ಒಂದು ಮಾತು ನೊಲ್ಫಾ. ನಮ್ಮ ಕಡೆ ಅಂದಿದ್ರೆ ಸಾಕಾಗಿತ್ತು. ಯಾರು ಬಂದು ನೋಡ್ತಿದ್ರು?"

"ಇಲ್ಲಿ ಅರವತ್ತು ಮನೆ ಇದೆ ಸೆಗುಂದೊ. ಅಂಗಳ ತುಂಬ ಜನ ಇದ್ರು. ನೀನೂ ಇದ್ದೆ."

"ನನ್ನ ಸುದ್ದಿ ಎತ್ಬೇಡ!" ಅವನು ಬಕೆಟ್ಟಿಗೆ ಒದ್ದ. ನೊರೆ ನೀರು ಅವಳ ಕಾಲ ಮೇಲೆ ಹರಿಯಿತು. "ಹೆಲಿಕಾಪ್ಟರ್ ಬಂದಾಗ ನಾನು ಟ್ಯಾಂಕರ್ ಮೇಲೆ ಹತ್ತಿ ಕೇಕೆ ಹಾಕಿದೆ, ಗೊತ್ತಾ? ನಗ್ತಾ ಇದ್ದೆ ನಾನು. ಅವರೆಲ್ಲರ ಜೊತೆ ಸೇರ್ಕೊಂಡು ನಗ್ತಾ ಇದ್ದೆ. ಆಗ ನನ್ನ ಮನೆ ಉರೀತಿತ್ತು, ಅದು ನಿಂಗೆ ಗೊತ್ತಿತ್ತು, ನಂಗೆ ಗೊತ್ತಿರಲಿಲ್ಲ."

ಅವಳು ಬಾಗಿ ಬಕೆಟ್ ಎತ್ತಿ ನೆಟ್ಟಗಿಟ್ಟಳು. ಅವನು ಹೋಗಿಯಾಗಿತ್ತು.

ಅವತ್ತಿನಿಂದ ಸೆಗುಂದೊ ಹೆಂಡತಿಯೊಡನೆ ಮಾತು ಬಿಟ್ಟ. ಹತ್ತು ದಿನದ ಮೇಲೆ ಸುಟ್ಟ ಜಾಗದಲ್ಲಿ ಹಲಗೆಯ ಪುಟ್ಟ ಮನೆಯೊಂದು ಎದ್ದಿತು. ಸರ್ಕಾರ ಕೊಟ್ಟದ್ದು, ಮೂರು ಹೆಜ್ಜೆ ಆರು ಹೆಜ್ಜೆ. ಮಣ್ಣಿನ ಗೋಡೆ ಒಂದಾಳೆತ್ತರ ಹಾಗೇ ನಿಂತಿತ್ತು, ಒಳಗೆ ಬೂದಿ. ದ್ರಾಕ್ಷಿ ಬಳ್ಳಿಗಳು ಕರಕಲು ಕೈಗಳ ಹಾಗೆ ನಿಂತಿದ್ದವು. ನಾಲ್ವರೂ ಬೆಳಿಗ್ಗೆಯಿಂದ ಬೂದಿ ಹೊತ್ತು ಹಾಕುವರು. ಸೆಗುಂದೊ ಹಲಗೆಗೆ ಮೊಳೆ ಹೊಡೆಯುತ್ತಾ ಮಗಳನ್ನು ಕರೆಯುವನು.

"ನಿಮ್ಮಮ್ಮಂಗೆ ಹೇಳು, ಗರಗಸ ಎಲ್ಲಿಟ್ಟಿದಾಳೆ ಅಂತ."

"ಅಮ್ಮ ಇಲ್ಲೇ ಇದಾಳಲ್ಲ ಅಪ್ಪ, ಎರಡು ಮಾರು ದೂರ ಇಲ್ಲ."

"ಕೇಳು ಅಂದೆ."

"ಅಮ್ಮ, ಗರಗಸ."

"ಮೂಲೇಲಿದೆ ಅಂತ ಹೇಳು," ಎನ್ನುವಳು ನೊಲ್ಫಾ.

"ಮೂಲೇಲಿದೆಯಂತೆ. ಅಯ್ಯೋ, ನಿಮ್ಮಿಬ್ಬರ ಮಧ್ಯ ನಾನೊಂದು ವೈರ್‌ಲೆಸ್ಸು!" ಯಾಸ್ನಾ ಪಟ್ಟಿ ಕಟ್ಟಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಹೊರಗೆ ಹೋಗಿ ಕೂತಳು. ತಾಯಿ ಹತ್ತಿರ ಹೋದರೆ ಅವಳೂ ಒಮ್ಮೊಮ್ಮೆ ಮುಖ ತಿರುಗಿಸುತ್ತಿದ್ದಳು. ಒಂದು ಸಲ ಪಟ್ಟಿ ಬದಲಾಯಿಸುವಾಗ ಕೇಳಿಯೂ ಬಿಟ್ಟಳು. "ನಾವು ನದಿಗೆ ಸೇರಲ್ಲ ಅಂತ ನಿಂಗೆ ಒಂದು ಸಲಾನೂ ಅನ್ನಿಸಲಿಲ್ವಾ?"

"ಪ್ರತಿ ನಿಮಿಷವೂ ಅನ್ನಿಸ್ತು," ಎಂದಳು ನೊಲ್ಫಾ. ಮುಲಾಮು ಹಚ್ಚುವ ಬೆರಳು ನಿಲ್ಲಲಿಲ್ಲ.

ಕ್ಲೊರಿಂದ ಯಾರ ಪರವೂ ಮಾತಾಡಲಿಲ್ಲ. ಕಲ್ಲು ಮೂರಿಟ್ಟು ಒಲೆ ಮಾಡಿ ಬೇಯಿಸುವಳು, ಬಡಿಸುವಳು, ಬೋಗುಣಿ ತೊಳೆಯುವಳು. ಒಂದು ಮಧ್ಯಾಹ್ನ ಸೆಗುಂದೊ ನೀರು ತರಲು ಹೋದಾಗ ಅವಳು ಸೊಸೆಯ ಪಕ್ಕ ಬಂದು ಕೂತಳು. ಇಬ್ಬರೂ ಬೂದಿಯಲ್ಲಿ ಸಿಕ್ಕ ಹಳೆಯ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದರು.

"ಆ ಕಡೆ ಮುಂದಿತ್ತು ಅನ್ನೋದು ನಿಜಾನಾ?"

"ನಿಜ ಅತ್ತೆ."

"ಇನ್ನೊಂದ್ಸಲ ನೋಡಿದೆಯಾ? ಧೂಳು ನೋಡಿ ಹೊಗೆ ಅಂದವಳು ನೀನು."

"ಮೂರು ಸಲ ನೋಡಿದೆ. ನಮ್ಮ ಮನೆ ಕಡೆ ಬೆಂಕಿನೇ ಮುಂದಿರ್ಲಿ, ಹೆಲಿಕಾಪ್ಟರ್ ಅಲ್ಲಿಗೇ ಹೋಗ್ಲಿ ಅಂತ ಬೇಡ್ಕೊಂಡು ನೋಡಿದೆ."

ಮುದುಕಿ ಸುತ್ತಿಗೆ ಎತ್ತಿ ಎರಡು ಮೊಳೆ ಬಡಿದಳು. "ನನ್ನ ಮನೆ ಅದು," ಎಂದಳು. "ನಂದು." ಅಷ್ಟು ಹೇಳಿ ಎದ್ದು ಒಲೆಯ ಕಡೆ ಹೋದಳು. ನೊಲ್ಫಾಗೆ ಅವಳ ಹಿಂದೆ ಹೋಗುವ ಧೈರ್ಯ ಬರಲಿಲ್ಲ.

ಫೆಬ್ರವರಿಯ ಕೊನೆಯ ಶನಿವಾರ ಸಾಂತ ಎಲ್ವಿರದಿಂದ ಒಂದು ಲಾರಿ ಬಂತು. ಹಲಗೆ, ತಗಡು, ಹಾಸಿಗೆ, ಎರಡು ಜೀವಂತ ಕೋಳಿ, ಒಂದು ಮೂಟೆ ಹಿಟ್ಟು. ಜೊತೆಗೆ ಎಂಟು ಹತ್ತು ಜನ. ಮುಂದಾಳು ದೋನ್ಯಾ ಓರ್ತೆನ್ಸಿಯ, ಹಳ್ಳಿಯ ಅಂಗಡಿಯವಳು. ಅವಳೇ ಆ ಧೂಳಿನ ತಮಾಷೆಯನ್ನು ವಾರವಿಡೀ ನಡೆಸಿದವಳು. ಈಗ ಕಣ್ಣು ಒರೆಸಿಕೊಳ್ಳುತ್ತಾ ಕ್ಲೊರಿಂದಳನ್ನು ತಬ್ಬಿದಳು.

"ನಿಮ್ಮದೆಲ್ಲಾ ಹೋಯ್ತು, ನಮ್ಮದೆಲ್ಲಾ ಉಳೀತು. ಇದಕ್ಕೆ ಏನು ಹೇಳೋಣ ಕ್ಲೊರಿಂದ? ದೇವರೇ ಹೆಲಿಕಾಪ್ಟರನ್ನ ನಮ್ಮ ಕಡೆ ತಿರುಗಿಸಿದ."

ಕ್ಲೊರಿಂದ ಆ ತೋಳುಗಳಿಂದ ಬಿಡಿಸಿಕೊಂಡಳು.

"ದೇವರಲ್ಲ," ಎಂದಳು. ಲಾರಿಯಿಂದ ಹಲಗೆ ಇಳಿಸುತ್ತಿದ್ದವರೆಲ್ಲ ನಿಂತು ನೋಡಿದರು. ಸೆಗುಂದೊನೂ ನಿಂತ. "ಇವಳು ತಿರುಗಿಸಿದ್ದು. ನನ್ನ ಸೊಸೆ. ಯಾವ ಕಡೆ ಅಂತ ಇವಳನ್ನ ಕೇಳಿದ್ರು. ಈ ಕಡೆ ಅತ್ತೆ ಇದಾಳೆ, ಹೆತ್ತ ಮಗಳಿದಾಳೆ ಅಂತ ಗೊತ್ತಿದ್ದೂ ನಿಮ್ಮೂರಿನ ಹೆಸರು ಹೇಳಿದ್ಲು. ಯಾಕೆಂದ್ರೆ ನಿಮ್ಮ ಕಡೆಯದು ಮುಂದಿತ್ತು."

ದೋನ್ಯಾ ಓರ್ತೆನ್ಸಿಯ ನೊಲ್ಫಾಳನ್ನು ನೋಡಿದಳು.

"ಇದನ್ನ ನಾನು ಸಂತೋಷಕ್ಕೆ ಹೇಳ್ತಿಲ್ಲ," ಕ್ಲೊರಿಂದ ಮುಂದುವರಿಸಿದಳು. "ನಂಗೆ ಇನ್ನೂ ಸಂಕಟ ಇದೆ, ಸಾಯೋವರೆಗೂ ಇರುತ್ತೆ. ಆದರೆ ನಿಮ್ಮ ಮಾಡಿನ ಕೆಳಗೆ ನೀವು ಮಲಗುವಾಗ ಅದು ಯಾರ ಬಾಯಿಂದ ಉಳೀತು ಅಂತ ಗೊತ್ತಿರ್ಬೇಕು. ದೇವರು ಅಂದುಬಿಟ್ರೆ ಸುಲಭ ಆಗೋಗುತ್ತೆ." ಆಮೇಲೆ ಮಗನ ಕಡೆ ತಿರುಗಿದಳು. "ನೀನೂ ಕೇಳಿಸ್ಕೊಂಡೆಯಲ್ಲ? ಇವಳು ಸುಳ್ಳು ಹೇಳಿದ್ದಿದ್ರೆ ನೀನು ಆ ಶಾಲೆ ಗೋಡೆ ಹತ್ರಾನೇ ಸುಟ್ಟು ಕರಕಲಾಗಿರ್ತಿದ್ದೆ. ಆಗ ನಾನು ಮನೆ ಇಟ್ಕೊಂಡು ಯಾರಿಗೆ ಬೇಯಿಸಿ ಹಾಕ್ಬೇಕಿತ್ತು? ಹಿಡಿ ಆ ಹಲಗೆ ತುದೀನ. ಜನ ಕಾಯ್ತಿದಾರೆ."

ಸೆಗುಂದೊ ಹಲಗೆಯ ತುದಿ ಹಿಡಿದ. ಅವತ್ತು ಸಂಜೆಯೊಳಗೆ ಆ ಹತ್ತು ಜನ ಸೇರಿ ಅಡುಗೆಗೊಂದು ಮಾಡು ಎಬ್ಬಿಸಿದರು. ದೋನ್ಯಾ ಓರ್ತೆನ್ಸಿಯ ಹೋಗುವಾಗ ನೊಲ್ಫಾಳ ಎರಡೂ ಕೈ ಹಿಡಿದು, ಅವಕ್ಕೆ ಹಣೆ ಹಚ್ಚಿ ಲಾರಿ ಹತ್ತಿದಳು. ಗಂಡ ಅವತ್ತೂ ನೊಲ್ಫಾಳ ಹತ್ತಿರ ಮಾತಾಡಲಿಲ್ಲ. ಊಟದ ಹೊತ್ತಿಗೆ ಮಾತ್ರ ಮಗಳ ಮೂಲಕ ಕೇಳದೆ ಉಪ್ಪಿನ ಡಬ್ಬಿಯನ್ನು ತಾನೇ ಅವಳತ್ತ ಸರಿಸಿದ.

ಮಾರ್ಚ್ ಮೊದಲ ಸೋಮವಾರ ಕಂಪನಿಯಿಂದ ಹೇಳಿಕಳಿಸಿದರು. ಗೋಪುರಕ್ಕೆ ಬದಲಿಗೆ ಬಂದವಳಿಗೆ ಗುಡ್ಡಗಳ ಹೆಸರು ಗೊತ್ತಿಲ್ಲ, ಮಳೆ ಬೀಳಲು ಇನ್ನೂ ಐದಾರು ವಾರವಿದೆ, ನೊಲ್ಫಾ ಬರುತ್ತಾಳಾ ಅಂತ. ಅವಳು ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡಳು. ಸೆಗುಂದೊ ಟ್ಯಾಂಕರ್ ಚಾಲೂ ಮಾಡಿ ಬಾಗಿಲು ತೆರೆದು ಕಾಯುತ್ತಿದ್ದ. ಅವಳು ಹತ್ತಿ ಕೂತಳು.

ದಾರಿಯ ಎರಡೂ ಬದಿ ಕಪ್ಪು ಕಂಬಗಳಂತೆ ಪೈನ್ ಮರಗಳು. ಗುಡ್ಡದ ಬುಡದಲ್ಲಿ ಅವನು ಗಾಡಿ ನಿಲ್ಲಿಸಿದ. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ಮುಂದೆ ನೋಡುತ್ತಾ ಕೇಳಿದ.

"ಇನ್ನೊಂದ್ಸಲ ಹಂಗೇ ಆದ್ರೆ?"

ಅವಳು ಗಾಜಿನಾಚೆ ಗೋಪುರದ ಕಡೆ ನೋಡಿದಳು. "ಕಂಡದ್ದೇ ಹೇಳ್ತೀನಿ ಸೆಗುಂದೊ. ಬೇರೇದು ನಂಗೆ ಬರಲ್ಲ."

"ಹೇಳು." ಅವನು ಎಂಜಿನ್ ಆರಿಸಿದ. "ಆದರೆ ನಂಗೂ ಒಂದು ಫೋನ್ ಮಾಡು. ಮನೆ ಉಳಿಸ್ಕೊಳ್ಳೋಕಲ್ಲ. ನಾನು ಎಲ್ಲೋ ನಗ್ತಾ ನಿಂತಿರಬಾರದು, ಅಷ್ಟೇ."

"ಮಾಡ್ತೀನಿ."

ಅವಳು ಇಳಿದಳು. ಅವತ್ತು ಮಂಗಳವಾರ, ಗುಡ್ಡದ ಮನೆಗಳು ನೀರಿಗೆ ಕಾಯುತ್ತಿದ್ದವು. ಟ್ಯಾಂಕರ್ ನಿಧಾನವಾಗಿ ತಿರುಗಿ ಹೊರಟುಹೋಯಿತು. ನೊಲ್ಫಾ ಏಣಿ ಹತ್ತಿ ಗೋಪುರದ ಬಾಗಿಲು ತೆರೆದು, ಕಿಟಕಿಗಳ ಮೇಲೆ ಕೂತ ಬೂದಿಯನ್ನು ಒಂದೊಂದಾಗಿ ಒರೆಸಿದಳು. ಗಾಳಿ ದಕ್ಷಿಣದಿಂದ ಬೀಸುತ್ತಿತ್ತು, ತಣ್ಣಗಿತ್ತು. ಪೂರ್ವ ನೋಡಿದಳು, ಉತ್ತರ ನೋಡಿದಳು, ಪಶ್ಚಿಮ ನೋಡಿದಳು. ಕೊನೆಗೆ ದಕ್ಷಿಣಕ್ಕೆ ತಿರುಗಿ, ಕರಕಲಾದ ಗುಡ್ಡದ ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಂಡ ಹಲಗೆಮನೆಯ ಮೇಲೆ ದುರ್ಬೀನು ನಿಲ್ಲಿಸಿದಳು. ಟೊಮೇಟೊ ಮಡಿಯಿದ್ದ ಜಾಗದಲ್ಲಿ ಯಾರೋ ಬಾಗಿ ನೆಲ ಅಗೆಯುತ್ತಿದ್ದರು.

"ಬೋಳುಗುಡ್ಡ, ವರದಿ ಕೊಡಿ," ಎಂದಿತು ಇತುರ್ರನ ದನಿ.

ಅವಳು ವೈರ್‌ಲೆಸ್ ಎತ್ತಿಕೊಂಡಳು. "ನಾಲ್ಕೂ ದಿಕ್ಕು ನೋಡಿದೆ," ಎಂದಳು. "ಹೊಗೆ ಇಲ್ಲ."